ಕೆಳಗಿನ ಗೀಟು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8:50, ಲ್ಯಾಬ್

ಫ್ರೀಜರ್ ಒಂದು: ಮೈನಸ್ ಇಪ್ಪತ್ತು. ಫ್ರೀಜರ್ ಎರಡು: ಮೈನಸ್ ಹದಿನೆಂಟು. ಬಾಗಿಲು ಮತ್ತೆ ಸರಿಯಾಗಿ ಕೂತಿಲ್ಲ. ಮೊಣಕಾಲಿನಿಂದ ಒತ್ತಿ ಮುಚ್ಚಿದೆ. ಚಾರ್ಟಿನಲ್ಲಿ ಬರೆದು ಸಹಿ ಹಾಕಿದೆ. ಹದಿನಾರು ವರ್ಷದಿಂದ ಇದೇ ಚಾರ್ಟು, ಇದೇ ಸಹಿ. ಈಗ ಸಹಿಯಲ್ಲಿ ಮೊದಲ ಅಕ್ಷರ ಮಾತ್ರ ಉಳಿದಿದೆ, ಮಿಕ್ಕಿದ್ದು ಸೊಟ್ಟ ಗೆರೆ.

ಹೊಸ ಪ್ರಾಜೆಕ್ಟಿನ ಸ್ಯಾಂಪಲ್ ಬಂದವು. ಇನ್ನೂರ ಹನ್ನೆರಡು ಟ್ಯೂಬು ಎಂಜಲು. ಅರ್ಧ ಜೈಲಿನಿಂದ — ಹೊಡೆದಾಟ, ಕೊಲೆಯತ್ನ ಇತ್ಯಾದಿ. ಇನ್ನರ್ಧ ಯಾರ ತಂಟೆಗೂ ಹೋಗದವರದು. ಯಾವುದು ಯಾರದು ನಮಗೆ ತಿಳಿಯದು, ಬರೀ ನಂಬರ್. ಸಿಟ್ಟಿಗೂ ಒಂದು ಜೀನ್‌ಗೂ ನಂಟಿದೆಯೇ, ಇದ್ದರೆ ಎಷ್ಟು ಅಂತ ಲ್ಯಾಬಿನ ಮುಖ್ಯಸ್ಥೆ ಮೇಡಂ ನೋಡುತ್ತಾರಂತೆ. ಟ್ಯೂಬು ಎತ್ತಿ ಬೆಳಕಿಗೆ ಹಿಡಿದೆ. ಎಲ್ಲರದೂ ಬರೀ ನೊರೆ.

ಸ್ಯಾಂಪಲ್ ಜೊತೆ ಪ್ರತಿ ಸಲ ಕಂಟ್ರೋಲ್ ಓಡಿಸಬೇಕು. ಅಂದರೆ ನಮ್ಮಲ್ಲೇ ಇರುವ ಒಬ್ಬರ ಡಿಎನ್‌ಎ, ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ನೋಡಲು. ನಮ್ಮ ಸಿ-2 ಅಂದರೆ ನಾನೇ. ಎಂಟು ವರ್ಷದ ಹಿಂದೆ ಗಂಡಸಿನ ಕಂಟ್ರೋಲ್ ತುರ್ತಾಗಿ ಬೇಕಿತ್ತು, ತರಿಸಲು ಮೂರು ವಾರ ಅಂದರು. ಯಾರು ಕಾಯುತ್ತಾರೆ. ಟ್ಯೂಬಿಗೆ ಉಗಿದೆ, ರಿಜಿಸ್ಟರಿನಲ್ಲಿ ಬರೆದೆ: ಸಿ-2, ಪುರುಷ, ಆರೋಗ್ಯವಂತ. ಪಕ್ಕದಲ್ಲಿದ್ದ ಸಾಧುವಿಗೆ ಮಾತ್ರ ಗೊತ್ತು. ಸಾಧು ಅಂತ ನಾವಿಟ್ಟ ಹೆಸರು — ಸೀನಿಯರ್ ಟೆಕ್ನಿಷಿಯನ್, ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆದರೆ ಬಾಗಿಲಿಗೇ ಸಾರಿ ಹೇಳುವ ಮನುಷ್ಯ. ಈ ತಿಂಗಳ ಕೊನೆಗೆ ರಿಟೈರ್.

ಆರೋಗ್ಯವಂತ. ಇವತ್ತು ಆ ಪದದ ಮೇಲೆ ಕಣ್ಣು ನಿಂತುಬಿಟ್ಟಿತು.

ಮಗಳು ಪುಟ್ಟಿಯ ಕೈ ಹಿಡಿದು ಹತ್ತು ದಿನ ಆಯಿತು. ಶುಕ್ರವಾರ ಬೆಳಿಗ್ಗೆ. ಸ್ಕೂಲ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅವಳು ಶೂ ಹಾಕಿಕೊಳ್ಳದೆ ನನ್ನನ್ನು ಆಟ ಆಡಿಸುತ್ತಿದ್ದಳು. ಎಂಟು ವರ್ಷದ ಮಗು. ಮಣಿಕಟ್ಟು ಹಿಡಿದು ಎಳೆದೆ. ಎಳೆದೆ ಅಂತ ಬರೆಯುವುದು ಸುಲಭ... ಎಳೆದಾದ ಮೇಲೂ ಬಿಡಲಿಲ್ಲ. ಅವಳ ಮುಖ ನೋಡುತ್ತಾ ಇನ್ನೂ ಬಿಗಿ ಮಾಡಿದೆ. ಸಂಜೆ ನಾಲ್ಕು ಬೆರಳಿನ ಗುರುತು ಎದ್ದಿತ್ತು. ಇವಳು — ನನ್ನ ಹೆಂಡತಿ — ಮರುದಿನ ಮಗುವಿಗೆ ತುಂಬುತೋಳಿನ ಅಂಗಿ ಹಾಕಿದಳು. ನನ್ನ ಅಮ್ಮನೂ ಹೀಗೇ, ಸುಡುಬೇಸಿಗೆಯಲ್ಲೂ ತುಂಬುತೋಳು ತೊಡುತ್ತಿದ್ದಳು.

ಗುರುತು ಹೋಗಿದೆ. ನಿನ್ನೆ ಅವಳು ಮಲಗಿದಾಗ ಟಾರ್ಚ್ ಬಿಟ್ಟು ನೋಡಿದೆ.

ಮಾರ್ಚ್ 5, ಬುಧವಾರ. ಸಂಜೆ 5:30

ಮೊದಲ ಜೆಲ್ ಓಡಿತು — ಡಿಎನ್‌ಎ ತುಣುಕುಗಳನ್ನು ಕರೆಂಟು ಕೊಟ್ಟು ಓಡಿಸುವ ಲೋಳೆಯ ಹಾಳೆ.

ಈ ಜೀನಿನಲ್ಲಿ ಒಂದು ತುಣುಕಿದೆ. ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಗಿಡ್ಡ ಇದ್ದರೆ ಆ ಜೀನ್ ಸ್ವಲ್ಪ ಮೈಗಳ್ಳ — ಮೆದುಳಿನಲ್ಲಿ ಕೆಲಸ ಮುಗಿಸಿದ ರಾಸಾಯನಿಕಗಳನ್ನು ಗುಡಿಸಿ ಹಾಕಬೇಕಾದ್ದು, ನಿಧಾನಕ್ಕೆ ಗುಡಿಸುತ್ತದೆ. ಜೆಲ್ಲಿನಲ್ಲಿ ಗಿಡ್ಡ ತುಣುಕು ಬೇಗ ಓಡಿ ಕೆಳಗೆ ನಿಲ್ಲುತ್ತದೆ, ಉದ್ದದ್ದು ಮೇಲೆ ಉಳಿಯುತ್ತದೆ. ಗಂಡಸರಿಗೆ ಒಂದೇ ಗೀಟು. ಮೇಲೆ ಅಥವಾ ಕೆಳಗೆ.

ಸಿ-2 ಕೆಳಗೆ.

ಫೋಟೋ ತೆಗೆದೆ. ಜೆಲ್ ತಿರುಗುಮುರುಗಾಗಿದೆಯೇನೋ ಅಂತ ನೋಡಿದೆ. ಆಗಿರಲಿಲ್ಲ. ಟ್ರೇ ನಂಬರ್ ನೋಡಿದೆ. ಸರಿಯಾಗಿತ್ತು. ಮೇಡಂ ಹಿಂದಿನಿಂದ ಬಂದು, ಸಿ-2 ಎಷ್ಟು ನೀಟಾಗಿ ಬಂದಿದೆ, ಗಿಡ್ಡಕ್ಕೆ ಇದನ್ನೇ ಮಾದರಿ ಮಾಡಿಕೊಳ್ಳೋಣ ಅಂದರು. ಆಗಲಿ ಮೇಡಂ ಅಂದೆ. ನೀರು ಕುಡಿಯಲು ಹೋದವನು ಗ್ಲೌಸ್ ತೆಗೆಯದೆ ಲೋಟ ಮುಟ್ಟಿದೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು.

ಅಪ್ಪ. ಹನ್ನೊಂದು ವರ್ಷವಾಯಿತು ಸತ್ತು. ಇನ್ನೂ ಲೆಕ್ಕ ಚುಕ್ತಾ ಮಾಡಿಲ್ಲ ಮಹಾಶಯ.

ಮಾರ್ಚ್ 7, ಶುಕ್ರವಾರ

ವಾರದ ಮೀಟಿಂಗ್. ಮೇಡಂ ಹೇಳಿದ್ದರಲ್ಲಿ ನೆನಪಿರುವುದು: ಕೆಳಗಿನ ಗೀಟು ಗಂಡಸರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಇರುತ್ತದೆ. ಅದೊಂದರಿಂದಲೇ ಯಾರೂ ಹೊಡೆಯುವವರಾಗುವುದಿಲ್ಲ. ಚಿಕ್ಕಂದಿನಲ್ಲಿ ಏಟು ತಿಂದು ಬೆಳೆದವರಿಗೆ ಇದೂ ಇದ್ದರೆ ಸಂಭವ ಸ್ವಲ್ಪ ಹೆಚ್ಚು ಅಂತ ಕೆಲವರು, ಏನೂ ಇಲ್ಲ ಅಂತ ಕೆಲವರು, ಪಂಡಿತರಲ್ಲೇ ಜಗಳ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಇದರಿಂದ ಏನನ್ನೂ ಹೇಳಲಾಗದು.

ಹೀಗೆ ಹತ್ತು ಸಮಾಧಾನದ ಮಾತು ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಒಂದೇ — ಏಟು ತಿಂದು ಬೆಳೆದವರು.

ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಉಗುರಲ್ಲಿ ಸದಾ ಶಾಯಿ. ಹೊಡೆಯುವ ಮುಂಚೆ ವಾಚು ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದ, ಗಾಜು ಒಡೆಯಬಾರದಲ್ಲ. ಆ ವಾಚು ಬಿಚ್ಚುವ ಸದ್ದಿಗೆ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದೆ. ನನಗೆ ಬಿದ್ದದ್ದು ಕಡಿಮೆ. ಅಮ್ಮನಿಗೆ ಬಿದ್ದದ್ದೇ ಹೆಚ್ಚು.

ಮೀಟಿಂಗ್ ಮುಗಿದ ಮೇಲೆ ಸಾಧು ಬಿಸ್ಕತ್ತಿನ ಪೊಟ್ಟಣ ಮುಂದೆ ಚಾಚಿ, ಯಾಕೆ ಸಪ್ಪಗಿದ್ದೀರಿ ಅಂದರು. ಹೊಟ್ಟೆ ಸರಿಯಿಲ್ಲ ಅಂದೆ. ಹಾಗಿದ್ದರೆ ಬಿಸ್ಕತ್ತು ಬೇಡ ಅಂತ ಪೊಟ್ಟಣ ಹಿಂದಕ್ಕೆ ತೆಗೆದುಕೊಂಡು, ಹಿಂದಕ್ಕೆ ತೆಗೆದುಕೊಂಡಿದ್ದಕ್ಕೆ ಸಾರಿ ಕೇಳಿದರು.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 6:15, ಮನೆ

ಸಿ-2 ಮೂರು ಸಲ ಓಡಿಸಿದೆ. ಮೂರೂ ಸಲ ಕೆಳಗೆ.

ಪುಟ್ಟಿಯಿಂದ ದೂರ ಇರುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ತಲೆ ಬಾಚು ಅಂದರೆ ಅಮ್ಮನ್ನ ಕೇಳು. ಸೈಕಲ್ ಹಿಡಿ ಅಂದರೆ ಬೆನ್ನುನೋವು. ಬೆನ್ನುನೋವು ಎರಡು ವರ್ಷದ ಹಿಂದೆ ನಿಜವಾಗಿಯೂ ಇತ್ತು, ಇಪ್ಪತ್ತು ದಿನ ರಜೆ ಹಾಕಿದ್ದೆ. ಅದನ್ನೇ ಈಗ ಮತ್ತೆ ಬಳಸುತ್ತಿದ್ದೇನೆ. ಮನೆಯಲ್ಲಿ ಜೇಬಿನಲ್ಲಿ ಕೈಯಿಟ್ಟುಕೊಂಡು ಓಡಾಡುತ್ತೇನೆ. ನಿನ್ನೆ ಹಾಗೇ ಓಡಾಡಿ ಹೊಸ್ತಿಲಲ್ಲಿ ಎಡವಿ ಬಿದ್ದೆ. ಕೈ ಹೊರಗೆ ಬರುವಷ್ಟರಲ್ಲಿ ಮೂಗು ನೆಲ ಮುಟ್ಟಿತ್ತು. ಪುಟ್ಟಿ ಬಿದ್ದೂ ಬಿದ್ದೂ ನಕ್ಕಳು. ನನಗೂ ನಗು ಬಂತು. ಆಮೇಲೆ ಅವಳು ಎಬ್ಬಿಸಲು ಬಂದಾಗ, ಬೇಡ ಹೋಗು ಅಂದೆ. ಜೋರಾಗಿಯೇ ಅಂದೆ.

ಹುಡುಗಿಗೆ ಅಪ್ಪನ ಎಕ್ಸ್ ಕ್ರೋಮೋಸೋಮ್ ಪೂರ್ತಿ ಹೋಗುತ್ತದೆ. ಈ ಜೀನ್ ಇರುವುದು ಅದರಲ್ಲೇ. ನನ್ನಲ್ಲಿರುವುದು ಒಂದೇ, ಅದನ್ನು ಕೊಟ್ಟಾಗಿದೆ. ಕೇಳಿ ಕೊಟ್ಟಿದ್ದಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 3:00

ಜೈಲು ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದರು, ಲ್ಯಾಬ್ ನೋಡಲು. ಮಗನಿಗೆ ಅಪ್ಪನ ಸಿಟ್ಟು ಬರುತ್ತೆ ಅಂತಾರಲ್ಲ, ಅದು ಇದೇನಾ ಅಂತ ಕೇಳಿದರು. ಮೇಡಂ ನಕ್ಕು ಹೇಳಿದರು: "ಇದು ಅಪ್ಪನಿಂದ ಮಗನಿಗೆ ಬರೋಕೆ ದಾರೀನೇ ಇಲ್ಲ ಸರ್. ಗಂಡುಮಕ್ಕಳಿಗೆ ಎಕ್ಸ್ ಬರೋದು ಅಮ್ಮನಿಂದ ಮಾತ್ರ."

ನಾನು ಪಿಪೆಟ್ ಹಿಡಿದು ನಿಂತಿದ್ದೆ. ಮೊನ್ನೆ ಇದೇ ಡೈರಿಯಲ್ಲಿ ಪುಟ್ಟಿಗೆ ಹೋಗುವುದನ್ನು ಬರೆದಿದ್ದೇನೆ. ನನಗೆ ಬಂದದ್ದೆಲ್ಲಿಂದ ಅಂತ ಯೋಚಿಸಿರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥ ವಿಷಯ, ಹದಿನಾರು ವರ್ಷದ ಅನುಭವ. ಆದರೂ ನನ್ನ ವಿಷಯಕ್ಕೆ ಬಂದಾಗ ಅಪ್ಪನ ತಲೆಗೆ ಕಟ್ಟಿ ನಿಶ್ಚಿಂತೆಯಾಗಿ ಕೂತಿದ್ದೆ. ಕೆಟ್ಟದ್ದೇನಿದ್ದರೂ ಅವನದೇ ಅಂತ.

ಅಮ್ಮ. ಬಟ್ಟೆ ಆಲ್ಟರೇಷನ್ ಮಾಡಿ ನನ್ನನ್ನು ಓದಿಸಿದವಳು. ಒಂದು ಇರುವೆ ತುಳಿದರೂ ಅಯ್ಯೋ ಅನ್ನುವವಳು.

ಆ ಬ್ಯಾಚಿನಲ್ಲಿ ಎರಡು ಟ್ಯೂಬಿಗೆ ಒಂದೇ ಸ್ಯಾಂಪಲ್ ಹಾಕಿದೆ. ಪೂರ್ತಿ ಬಿಸಾಡಿ ಮತ್ತೆ ಮಾಡಬೇಕಾಯಿತು.

ಮಾರ್ಚ್ 15, ಶನಿವಾರ. ಸಂಜೆ 6:40

ಹೇಳಬಾರದಿತ್ತು. ಹೇಳಿಬಿಟ್ಟೆ.

ಪುಟ್ಟಿ ಸ್ಕೂಲ್ ಮುಗಿಸಿ ದಿನಾ ಅಮ್ಮನ ಮನೆಗೆ ಹೋಗುತ್ತಾಳೆ, ಎರಡು ಸ್ಟಾಪ್ ದೂರ, ಲಾಂಡ್ರಿಯ ಮೇಲಿನ ಒಂದೇ ಕೋಣೆ. ಇವತ್ತು ನಾನೊಬ್ಬನೇ ಹೋಗಿದ್ದೆ, ಪ್ಯಾಂಟಿನ ಜಿಪ್ ಹಾಕಿಸಲು. ಅಮ್ಮ ಮೆಷಿನ್ ತುಳಿಯುತ್ತಲೇ, ತಲೆ ಎತ್ತದೆ, ಮಗುವಿನ ಕೈ ನೋಡಿದೆ ಅಂದಳು. ಯಾವಾಗ ಅಂದೆ. ಆವತ್ತೇ ಅಂದಳು. ಆಮೇಲೆ —

"ನಿಮ್ಮಪ್ಪನ ಥರ ಆಗ್ಬೇಡ ಕಣೋ."

ಇದೊಂದು ಮಾತನ್ನು ಯಾರೂ ಹೇಳದಿರಲಿ ಅಂತ ಇಪ್ಪತ್ತು ದಿನದಿಂದ ಕೈ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ಮೈಯೆಲ್ಲ ಉರಿದುಹೋಯಿತು.

"ಅಪ್ಪಂದಲ್ಲಮ್ಮ ಇದು. ನಿಂದು. ನಿನ್ನಿಂದ ಬಂದಿದ್ದು."

ಮೆಷಿನ್ ನಿಂತಿತು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಅವಳ ಸೀಮೆಸುಣ್ಣವನ್ನೇ ತೆಗೆದುಕೊಂಡು, ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ ಎಕ್ಸ್ ಬರೆದೆ, ವೈ ಬರೆದೆ, ಬಾಣದ ಗುರುತು ಹಾಕಿದೆ. ಮೇಲಿನ ಗೀಟು, ಕೆಳಗಿನ ಗೀಟು. ಮೇಷ್ಟ್ರ ಥರ. ಅಮ್ಮ ಕನ್ನಡಕ ಸರಿಮಾಡಿಕೊಂಡು ಗಮನವಿಟ್ಟು ಕೇಳಿದಳು. ಒಂದೆರಡು ಪ್ರಶ್ನೆ ಕೂಡ ಕೇಳಿದಳು, ಒಳ್ಳೆಯ ಪ್ರಶ್ನೆಗಳು. ಅಳಲಿಲ್ಲ. ಕೊನೆಗೆ "ಹೌದಾ" ಅಂದಳು. ಜಿಪ್ ಹಾಕಿದ ಪ್ಯಾಂಟು ಮಡಿಸಿ ಚೀಲಕ್ಕೆ ಹಾಕಿ ಕೊಟ್ಟಳು.

ಮೆಟ್ಟಿಲಿಳಿಯುವಾಗ ಮೆಷಿನ್ ಸದ್ದಿಗೆ ಕಾದೆ. ಕೇಳಿಸಲಿಲ್ಲ.

ಅಪ್ಪ ಕೈಯಲ್ಲಿ ಹೊಡೆಯುತ್ತಿದ್ದ. ನಾನು ಸೀಮೆಸುಣ್ಣ ಹಿಡಿದು ಹೊಡೆದು ಬಂದೆ.

ಮಾರ್ಚ್ 19, ಬುಧವಾರ

ನಾಲ್ಕು ದಿನದಿಂದ ಅಮ್ಮನ ಫೋನಿಲ್ಲ. ಇವಳಿಗೆ ಮಾತ್ರ ಒಂದು ಕರೆ — ಕೆಲಸ ಜಾಸ್ತಿ ಬಂದಿದೆ, ಪುಟ್ಟಿಯನ್ನು ಸ್ವಲ್ಪ ದಿನ ಕಳಿಸಬೇಡ. ಎಂಟು ವರ್ಷದಲ್ಲಿ ಮೊದಲ ಸಲ. ಇವಳು ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲೇ ಮಗು ಈಗ ಕೂತು ಹೋಮ್‌ವರ್ಕ್ ಮಾಡುತ್ತದೆ.

ಏನಾಯ್ತು ಅಂತ ಇವಳು ಕೇಳಿದಳು. ಏನಿಲ್ಲ ಅಂದೆ. ನನ್ನ ಏನಿಲ್ಲ ಇವಳಿಗೆ ಚೆನ್ನಾಗಿ ಗೊತ್ತು. ಕೂರಿಸಿ ಕಕ್ಕಿಸಿದಳು. ಎಲ್ಲ ಕೇಳಿದ ಮೇಲೆ, ಅತ್ತೆಗೆ ಹಾಗಂದ್ರಾ ಅಂತ ಅಷ್ಟೇ ಅಂದಳು.

ಅಮ್ಮನೂ ಮಗುವಿನಿಂದ ದೂರ ಕೂತಿದ್ದಾಳೆ. ನಾನು ಕೂತ ಹಾಗೇ. ನಾನೇ ಕೂರಿಸಿದ್ದು.

ಮಾರ್ಚ್ 22, ಶನಿವಾರ. ಬೆಳಿಗ್ಗೆ 11:30, ಬಸ್ ಸ್ಟಾಪ್

ಅಮ್ಮನ ಮನೆಯಿಂದ ಬರುತ್ತಿದ್ದೇನೆ. ಮರೆಯುವ ಮುಂಚೆ ಬರೆಯಬೇಕು. ಮರೆಯುವುದಿಲ್ಲ, ಆದರೂ.

ಕಾಲಿಗೆ ಬಿದ್ದಾದರೂ ಸರಿ ಮಾಡಿಕೊಳ್ಳೋಣ ಅಂತ ಹೋದೆ. ಅಮ್ಮ ಬಾಗಿಲು ತೆಗೆದಳು — ಮುಖ ಗೆಲುವಾಗಿತ್ತು. ನಾನು ಬಾಯಿ ತೆರೆಯುವ ಮುಂಚೆ ಕೂತ್ಕೋ ಅಂದಳು. ಹೇಳಿದಳು.

ನನಗಾಗ ನಾಲ್ಕು ವರ್ಷವಂತೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗಿದ್ದ. ಬೆಳಿಗ್ಗೆಯಷ್ಟೇ ಅವಳ ಕಿವಿಯ ಮೇಲೆ ಹೊಡೆದಿದ್ದ, ಇನ್ನೂ ಗುಂಯ್ ಅನ್ನುತ್ತಿತ್ತು. ಅವಳು ಗಿರಾಕಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಕಾದಿತ್ತು.

"ಎತ್ಕೊಂಡು ಹೋಗಿ ಅವರ ತಲೆ ಹತ್ರ ನಿಂತ್ಕೊಂಡೆ. ಮುಖದ ಮೇಲೆ ಹಿಡಿದಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಕೈ ಸೋತು ಬರೋವರೆಗೂ. ಸುಟ್ಟು ಹಾಕ್ತೀನಿ ಅಂತ್ಲೇ ಇದ್ದೆ ಕಣೋ."

ಆಮೇಲೆ ಇಳಿಸಿದಳಂತೆ. ಗಿರಾಕಿಯ ಅಂಗಿ ಮುಗಿಸಿದಳಂತೆ. ಯಾರಿಗೂ ಹೇಳಿಲ್ಲ. ಮೂವತ್ತೆಂಟು ವರ್ಷ.

"ಅವರು ಹೊಡೆಯೋರು ನಿಜ. ಆದ್ರೆ ನಾನು ಕೊಲ್ಲೋಳು ಅಂತ ಒಳಗೇ ಕೊರೀತಿತ್ತು. ನೀನು ಅದೇನೋ ಗೀಟು ಅಂದೆಯಲ್ಲ, ಮೊದಲು ಮಗೂನ ಮುಟ್ಟೋಕೇ ಭಯ ಆಯ್ತು. ಆಮೇಲೆ ಯೋಚನೆ ಮಾಡ್ದೆ. ಹುಟ್ಟಿನಿಂದ ಬಂದಿದ್ದಕ್ಕೆ ನಾನೇನು ಮಾಡ್ಲಿ? ಎರಡು ದಿನದಿಂದ ಎಷ್ಟು ಚೆನ್ನಾಗಿ ನಿದ್ದೆ ಬರ್ತಿದೆ ಗೊತ್ತಾ?"

ಲಾಂಡ್ರಿಯವನಿಗೂ ಹೇಳಿಬಿಟ್ಟಿದ್ದಾಳೆ, ನಂದು ಕೆಳಗಿನ ಗೀಟು ಅಂತ. ಅವನು ಬಿಪಿ ಅಂದುಕೊಂಡು ಉಪ್ಪು ಕಡಿಮೆ ಮಾಡಿ ಅಂದನಂತೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಸೋಮವಾರದಿಂದ ಪುಟ್ಟಿಯನ್ನು ಕಳಿಸು ಅಂದಳು. ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು, ನಿಮ್ಮಪ್ಪನಿಗೂ ಅಂಥದ್ದೇ ಏನೋ ಇತ್ತೇನೋ, ಪಾಪ ಅಂತ.

ಪಾಪ ಅಂತೆ. ಅವನು ವಾಚು ಬಿಚ್ಚಿ ಇಡುತ್ತಿದ್ದನಲ್ಲ, ಅದಕ್ಕೂ ಒಂದು ಗೀಟು ಇರುತ್ತದಾ? ಕೇಳಲಿಲ್ಲ. ಅವಳ ನಿದ್ದೆ ಕೆಡಿಸುವ ಧೈರ್ಯ ಬರಲಿಲ್ಲ.

ಅವಳಿಗೆ ಹಗುರ ಆಯಿತು. ನನಗೆ ಇನ್ನೂ ಭಾರ. ಇರುವೆ ತುಳಿಯದವಳೂ ಇಸ್ತ್ರಿ ಪೆಟ್ಟಿಗೆ ಎತ್ತಿದ್ದಳು ಅಂದರೆ ಇದು ಎಷ್ಟು ಗಟ್ಟಿ ಇರಬೇಕು.

ಮಾರ್ಚ್ 24, ಸೋಮವಾರ

ಇನ್‌ಸ್ಟಿಟ್ಯೂಟಿನ ಗೆಸ್ಟ್ ರೂಮಿಗೆ ಅರ್ಜಿ ಹಾಕಿದೆ. ಏಪ್ರಿಲ್ ಒಂದರಿಂದ. ಕಾರಣದ ಜಾಗದಲ್ಲಿ 'ಕೆಲಸದ ಒತ್ತಡ' ಅಂತ ಬರೆದೆ. ಪುಟ್ಟಿ ದೊಡ್ಡವಳಾಗುವವರೆಗೆ ದೂರ ಇದ್ದುಬಿಡುವುದು ಒಳ್ಳೆಯದು. ಶನಿವಾರ, ಭಾನುವಾರ ಬಂದು ನೋಡಿದರಾಯಿತು, ಇವಳು ಜೊತೆಯಲ್ಲಿದ್ದಾಗ.

ಮಾರ್ಚ್ 25, ಮಂಗಳವಾರ. ಬೆಳಿಗ್ಗೆ

ಇವಳಿಗೆ ಹೇಳಿದೆ. ಚಪಾತಿ ಲಟ್ಟಿಸುತ್ತಿದ್ದಳು, ಲಟ್ಟಣಿಗೆ ಕೆಳಗಿಟ್ಟಳು. ನಾನು ನಿನ್ನನ್ನು ಯಾವತ್ತಾದರೂ ಹೊಡೆದಿದ್ದೇನಾ ಅಂತ ನಾನೇ ಕೇಳಿದೆ. ಇಲ್ಲ ಅಂದಳು. ಹನ್ನೆರಡು ವರ್ಷದಲ್ಲಿ ಎರಡು ಲೋಟ, ಒಂದು ರಿಮೋಟು, ಅಷ್ಟೇ ಎಸೆದಿರೋದು ಅಂದಳು. ಲೆಕ್ಕ ಇಟ್ಟಿದ್ದಾಳೆ ಅಂತ ಗೊತ್ತಿರಲಿಲ್ಲ.

"ನೀವು ಹೋದ್ರೆ ಪುಟ್ಟಿಗೆ ಏನು ಹೇಳ್ಲಿ? ಅಪ್ಪನ ಎಂಜಲಲ್ಲಿ ಗೀಟು ಕೆಳಗೆ ಬಂತು ಅಂತಾನಾ?"

ನಗಿಸಲು ಹೇಳಿದ್ದಲ್ಲ. ಕಣ್ಣಲ್ಲಿ ನೀರಿತ್ತು. ಆವತ್ತಿನ ವಿಷಯಕ್ಕೆ ಮಗುವಿನ ಹತ್ತಿರ ಒಂದು ಮಾತು ಆಡಿದ್ರಾ ಅಂತ ಕೇಳಿದಳು. ಆಡಿಲ್ಲ. ಬಸ್ಸಿಗೆ ತಡವಾಯಿತು ಅಂತ ಹೊರಟುಬಿಟ್ಟೆ. ತಡ ಆಗಿರಲಿಲ್ಲ.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 1:15, ಸ್ಟೋರ್ ರೂಮ್

ಡಬ್ಬಿಯ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೀಗಿದೆ.

ಸಾಧು ಸೋಮವಾರ ಹೋಗುತ್ತಾರೆ, ಇವತ್ತು ನನಗೆ ಸ್ಟಾಕ್ ಒಪ್ಪಿಸುತ್ತಿದ್ದರು. ಪ್ರತಿ ಡಬ್ಬಿ ತೆಗೆದು ತೋರಿಸಿ ಟಿಕ್ ಹಾಕುವುದು. ಕಂಟ್ರೋಲ್ ಡಬ್ಬಿಗೆ ಬಂದಾಗ ತಡವರಿಸಿದರು. ಕನ್ನಡಕ ಒರೆಸಿದರು. ಒಂದು ತಪ್ಪೊಪ್ಪಿಗೆ ಇದೆ, ಬೇಜಾರು ಮಾಡ್ಕೋಬೇಡಿ ಅಂದರು.

"ಸಿ-2 ಎರಡು ವರ್ಷದ ಹಿಂದೇನೇ ಖಾಲಿ ಆಯ್ತು. ನೀವು ಬೆನ್ನುನೋವು ಅಂತ ರಜೇಲಿದ್ರಿ. ಹೊಸ ನಂಬರ್ ಕೊಡ್ಬೇಕಂದ್ರೆ ನಾಲ್ಕು ಫಾರಂ, ಮೂರು ಸಹಿ. ಅದಕ್ಕೇ ನಾನೇ ಉಗಿದು ತುಂಬಿಸ್ದೆ. ಪುರುಷ, ಆರೋಗ್ಯವಂತ ಅಂತಿತ್ತು. ನಾನೂ ಅದೇ ತಾನೆ ಅಂದ್ಕೊಂಡೆ."

ಸ್ಟೂಲು ಎಳೆದು ಕೂತೆ. ಬೈಯುತ್ತೇನೆ ಅಂತ ಅವರು ಕಾದು ನಿಂತಿದ್ದರು. ಬೈಯುವ ಬಾಯಿ ನನಗೆಲ್ಲಿ. ಅವರು ಮಾಡಿದ್ದು ನಾನು ಆರು ವರ್ಷ ಮೊದಲೇ ಮಾಡಿದ್ದು.

ಕೆಳಗಿನ ಗೀಟು ಸಾಧುವಿನದು. ಜಿರಲೆಯನ್ನು ಕಾಗದದಲ್ಲಿ ಎತ್ತಿ ಕಿಟಕಿಯಿಂದ ಆಚೆ ಬಿಡುವ ಸಾಧು. ಚಿಕ್ಕವರಿದ್ದಾಗ ಮನೆಯಲ್ಲಿ ಹೊಡೀತಿದ್ರಾ ಅಂತ ಕೇಳಿದೆ. ಎಲ್ಲಿ ಬಂತು, ನಮ್ಮಪ್ಪ ಒಂದು ದಿನ ಗದರಿದವರಲ್ಲ ಅಂದರು. ಯಾಕೆ ಕೇಳಿದ್ರಿ ಅಂದರು. ಸುಮ್ನೆ ಅಂದೆ. ನಗು ಬಂತು. ತಡೆಯಲಾಗದಷ್ಟು. ಸಾಧು ಗಾಬರಿಯಾಗಿ ನೀರು ತಂದುಕೊಟ್ಟರು.

ಇಬ್ಬರೂ ಹೋಗಿ ಮೇಡಂಗೆ ಹೇಳಿದೆವು. ಸರಿಯಾಗಿ ಬಿತ್ತು. ಯಾರದಾದರೂ ಗಿಡ್ಡ ಗಿಡ್ಡವೇ, ರಿಸಲ್ಟಿಗೆ ತೊಂದರೆಯಿಲ್ಲ, ಆದರೆ ಹೀಗೆ ಯಾರು ಬೇಕಾದರೂ ಉಗಿಯಲು ಇದು ವಾಶ್‌ಬೇಸಿನ್ನಾ ಅಂದರು. ನಡೆದದ್ದನ್ನೆಲ್ಲ ಬರೆದುಕೊಡಬೇಕಂತೆ. ಇಬ್ಬರೂ ತಲೆ ತಗ್ಗಿಸಿ ನಿಂತಿದ್ದೆವು. ನನಗೆ ಒಳಗೊಳಗೇ ಹಾರಾಡುವಷ್ಟು ಖುಷಿ.

2:00

ಖುಷಿ ಮುಗಿಯಿತು. ಅಮ್ಮ ನೆನಪಾದಳು. ಸಾಧುವಿನ ಎಂಜಲು ಹಿಡಿದು ಹೋಗಿ ಅವಳ ಮುಂದೆ ಇಟ್ಟಿದ್ದೇನೆ, ನಿಂದು ಅಂತ.

ಮಾರ್ಚ್ 29, ಶನಿವಾರ. ಸಂಜೆ 4:10, ಲ್ಯಾಬ್

ಮಾಡಿದೆ. ಮಾಡಬಾರದು ಅಂದುಕೊಂಡು ಬೆಳಿಗ್ಗೆ ಮನೆಯಿಂದ ಹೊರಟೆ, ಒಂಬತ್ತಕ್ಕೆ ಟ್ಯೂಬಿಗೆ ಉಗಿದಿದ್ದೆ. ಜೆಲ್ಲಿನಲ್ಲಿ ಒಂದು ಕುಳಿ ಖಾಲಿ ಇತ್ತು. ಐದು ಗಂಟೆಯ ಕೆಲಸ. ಊಟಕ್ಕೆ ಏಳಲಿಲ್ಲ.

ಮೇಲೆ.

ಉದ್ದ. ಯಾವ ಸಂಶಯವೂ ಇಲ್ಲ. ನನ್ನ ಜೀನ್ ದಿನಾ ಅಚ್ಚುಕಟ್ಟಾಗಿ ಗುಡಿಸುತ್ತಿದೆ.

ಎದ್ದು ಕುಣಿಯಬೇಕಿತ್ತು. ಫೋಟೋ ನೋಡುತ್ತಾ ಕೂತೇ ಇದ್ದೆ. ಹಾಗಾದರೆ ಪುಟ್ಟಿಯ ಮಣಿಕಟ್ಟನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಯಾರು? ಅವಳ ಮುಖ ನೋಡಿ ಇನ್ನೂ ಬಿಗಿ ಮಾಡಿದ್ದು? ಅಪ್ಪನೂ ಅಲ್ಲ, ಅಮ್ಮನೂ ಅಲ್ಲ, ಮೈಗಳ್ಳ ಜೀನೂ ಅಲ್ಲ. ಈ ಪೀಡೆ ಬೇಕು ಅಂತ ಯಾರಾದರೂ ಬಯಸುತ್ತಾರಾ? ನಾನು ಬಯಸಿದೆ. ಒಂದು ಕ್ಷಣ, ಆ ಗೀಟು ಕೆಳಗೇ ಇದ್ದಿದ್ದರೆ ಅನ್ನಿಸಿತು. ನಾಚಿಕೆಯಿಂದ ಬರೆಯುತ್ತಿದ್ದೇನೆ.

ಅಮ್ಮನಲ್ಲಿ ಎರಡು ಎಕ್ಸ್. ಒಂದಂತೂ ಉದ್ದದ್ದು, ಅದು ನನಗೆ ಬಂದಿದೆ. ಇನ್ನೊಂದು ಗೊತ್ತಿಲ್ಲ. ಗೊತ್ತಾದರೂ ಆ ಮಧ್ಯಾಹ್ನದ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೇಡಂ ಮೊದಲ ವಾರವೇ ಹೇಳಿದ್ದರು.

ಹೇಳದೆ ಬಿಟ್ಟುಬಿಡಲಾ? ಅರವತ್ತೈದು ವರ್ಷದ ಹೆಂಗಸು ಮೊದಲ ಸಲ ಕಣ್ತುಂಬ ನಿದ್ದೆ ಮಾಡುತ್ತಿದ್ದಾಳೆ. ಸುಳ್ಳಿನ ಮೇಲಾದರೂ ಮಲಗಲಿ... ಆದರೆ ಆ ಸುಳ್ಳಿನಲ್ಲೇ ಅಪ್ಪನಿಗೂ ಪಾಪ ಅಂದಳಲ್ಲ. ಮೊದಲು ಬಾಯಿಗೆ ಬಂದದ್ದು ಹೇಳಿ ಅವಳನ್ನು ನೋಯಿಸಿದೆ, ಈಗ ಹೇಳದೆ ಮೋಸ ಮಾಡಬೇಕಾ? ಯಾವುದು ಸರಿ ಅಂತ ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ.

ಮಾರ್ಚ್ 30, ಭಾನುವಾರ. ಮಧ್ಯಾಹ್ನ 2:30

ಹೇಳಿದೆ.

ಪುಟ್ಟಿಯೂ ಬಂದಿದ್ದಳು. ಕಿಟಕಿ ಹತ್ತಿರ ಚೂರುಬಟ್ಟೆ ಹರವಿಕೊಂಡು ಗೊಂಬೆಗೆ ಅಂಗಿ ಹೊಲಿಯುತ್ತಿದ್ದಳು. ನಾನು ಅಮ್ಮನ ಪಕ್ಕ ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದೆ. ಟ್ಯೂಬು ಬೇರೆಯವರದು. ನನ್ನದು ಮೇಲೆ ಬಂತು. ಆವತ್ತು ಆಡಿದ್ದು ತಪ್ಪು, ಬರೀ ವಿಷಯ ತಪ್ಪಲ್ಲ, ಆಡಿದ್ದೇ ತಪ್ಪು. ಕ್ಷಮಿಸು ಅಂದೆ. ಈ ಪದವನ್ನು ಅಮ್ಮನಿಗೆ ಯಾವತ್ತೂ ಹೇಳಿದ ನೆನಪಿಲ್ಲ.

ಅಮ್ಮ ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಆ ಗುಂಡಿ ಮುಗಿಸಿದಳು. ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಹಾಗಾದ್ರೆ ಇಸ್ತ್ರಿ ಪೆಟ್ಟಿಗೆ ಎತ್ತಿದ್ದು ನಾನೇ."

ಇಲ್ಲ ಅಂತ ಬಾಯಿಗೆ ಬಂದಿತ್ತು. ಇನ್ನೊಂದು ಎಕ್ಸ್ ಇದೆ, ಅದು ಏನೋ, ಎತ್ತ ಅಂತ ಸುತ್ತಿಬಳಸಿ ಹೇಳಬಹುದಿತ್ತು. ಹೌದಮ್ಮ ಅಂದೆ. ಪುಟ್ಟಿ ಕೈ ಹಿಡಿದಿದ್ದೂ ನಾನೇ ಅಂದೆ. ಹೀಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದರೆ ಎದೆ ಒಡೆಯುತ್ತದೆ ಅಂದುಕೊಂಡಿದ್ದೆ. ಒಡೆಯಲಿಲ್ಲ, ಅಳು ಬಂತು ಅಷ್ಟೇ. ಮಗುವಿಗೆ ಕಾಣಬಾರದು ಅಂತ ಮುಖ ತಿರುಗಿಸಿಕೊಂಡೆ.

ಅಮ್ಮ ಇನ್ನೊಂದು ಗುಂಡಿ ಆರಿಸಿದಳು. ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿದಳು, ಆಗಲಿಲ್ಲ, ನನ್ನ ಕೈಗೆ ಕೊಟ್ಟಳು. ಪೋಣಿಸಿ ಕೊಟ್ಟೆ. ಆಗ ಹೇಳಿದಳು.

"ಇಳಿಸಿದ್ದೂ ನಾನೇ ಕಣೋ. ಯಾರೂ ಕೈ ಹಿಡಿದು ಇಳಿಸ್ಲಿಲ್ಲ. ಅವರು ಎದ್ದೂ ಇರ್ಲಿಲ್ಲ. ನಾನೇ ಇಳಿಸ್ದೆ."

ಮತ್ತೆ ಗುಂಡಿ ಹೊಲಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ನಿಮ್ಮಪ್ಪನಿಗೂ ಕೈ ಇಳಿಸೋಕೆ ಬರ್ತಿತ್ತು, ಮನೆಗೆ ಯಾರಾದ್ರೂ ಬಂದಾಗ ಇಳಿಸ್ತಿದ್ರಲ್ಲ ಅಂದಳು. ಈ ಸಲ ಪಾಪ ಅನ್ನಲಿಲ್ಲ.

ನಿದ್ದೆ ಬರುತ್ತದಾ ಇವತ್ತು ಅಂತ ಕೇಳಿದೆ. ನೋಡೋಣ ಅಂದಳು.

ಮಾರ್ಚ್ 31, ಸೋಮವಾರ. ಸಂಜೆ 5:00

ಸಾಧುವಿನ ಕೊನೆಯ ದಿನ. ಕೇಕ್ ಕತ್ತರಿಸುವಾಗ ಕೇಕಿಗೂ ಸಾರಿ ಹೇಳುತ್ತಾರೇನೋ ಅಂತ ಎಲ್ಲರೂ ಕಾದೆವು. ಹೇಳಲಿಲ್ಲ. ನನಗೆ ಮಾತ್ರ ಮೆಲ್ಲಗೆ, ಸಿ-2 ಖಾಲಿಯಾದ್ರೆ ಫೋನ್ ಮಾಡಿ ಅಂದರು.

ಗೆಸ್ಟ್ ರೂಮಿನ ಅರ್ಜಿ ವಾಪಸ್ ತೆಗೆದುಕೊಂಡೆ. ಕಾರಣ ಬರೆಯಿರಿ ಅಂದರು ಆಫೀಸಿನಲ್ಲಿ. ಬೇಕಾಗಿಲ್ಲ ಅಂತ ಬರೆದೆ. ಭಯ ಹೋಗಿ ವಾಪಸ್ ತೆಗೆದುಕೊಂಡದ್ದಲ್ಲ. ಭಯ ಹಾಗೇ ಇದೆ. ಮೊದಲು ಅದನ್ನು ಹೊರಿಸಲು ಯಾರಾದರೂ ಇದ್ದರು, ಈಗ ಯಾರೂ ಇಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಸರಿಯಾಗಿ ನಿದ್ದೆ ಬಂದಿಲ್ಲವಂತೆ. ಆದರೂ ಪುಟ್ಟಿಯನ್ನು ಕಳಿಸು, ಗೊಂಬೆ ಅಂಗಿಯ ತೋಳು ಬಾಕಿ ಇದೆ ಅಂದಳು.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 7:20, ಮನೆ

ಕೇಳಿದೆ ಪುಟ್ಟಿಯನ್ನು. ಹಾಲು ಕುಡಿಯುತ್ತಿದ್ದಳು. ಆವತ್ತು ನೋವಾಗಿತ್ತಾ ಅಂದೆ. ಯಾವತ್ತು ಅಂತ ಕೇಳಲಿಲ್ಲ. ನೋವಾಗಿತ್ತು ಅಂದಳು. ಹಾಲಿನ ಮೀಸೆ ಒರೆಸಿಕೊಂಡು, ನೀನು ಸಾರಿ ಹೇಳ್ತೀಯ ಅಂತ ತುಂಬಾ ದಿನ ಕಾದೆ, ಆಮೇಲೆ ಮರ್ತುಬಿಟ್ಟೆ ಅಂದಳು. ಮರೆತಿಲ್ಲ. ಮುಖದಲ್ಲೇ ಕಾಣುತ್ತಿತ್ತು.

ಸಾರಿ ಹೇಳಿದೆ. ಎರಡು ಸಲ. ಮೊದಲ ಸಲ ಲೋಟ ನೋಡಿಕೊಂಡು, ಎರಡನೇ ಸಲ ಅವಳನ್ನು ನೋಡಿ.

"ಮತ್ತೆ ಹಾಗೆ ಮಾಡ್ತೀಯಾ ಅಪ್ಪ?"

ಲ್ಯಾಬಿನಲ್ಲಿ ಐದು ಗಂಟೆ ಯಾವ ಕೆಲಸ ಮಾಡಿದರೂ ಸಿಗುವ ಉತ್ತರವಲ್ಲ ಅದು. ಇಲ್ಲ ಅಂದೆ. ಅವಳು ನನ್ನನ್ನೇ ನೋಡಿದಳು, ಅಳೆಯುವ ಹಾಗೆ. ಸಿಟ್ಟು ಬಂದ್ರೆ ಅಂದಳು. ಬರುತ್ತೆ, ಬಂದರೂ ಇಲ್ಲ ಅಂದೆ. ಸರಿ ಅಂತ ಲೋಟ ಇಟ್ಟು ಒಳಗೆ ಹೋದಳು. ನಾನು ಇದನ್ನು ಬರೆಯಲು ಕೂತೆ.

ಈಗ ಮತ್ತೆ ಬಂದು ನಿಂತಿದ್ದಾಳೆ. ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲವಂತೆ, ಕೈ ಹಿಡಿದು ಹೇಳಬೇಕಂತೆ. ಚಾಚಿದ್ದಾಳೆ, ಅದೇ ಕೈ. ಎಷ್ಟು ಸಣ್ಣ ಮಣಿಕಟ್ಟು. ಒಂದು ನಿಮಿಷ ಇರು, ಬರೆದು ಮುಗಿಸುತ್ತೇನೆ ಅಂದೆ. ಬೇಡ, ಈಗಲೇ ಅನ್ನುತ್ತಿದ್ದಾಳೆ. ಪೆನ್ನು